ಹೆಲ್ಮೆಟ್ ವಾಪಸ್ ಕೊಡ್ರಪ್ಪಾ

"ಕುಡ್ದು ಬಿದ್ದ ಬೋಳಿಮಗಂಗೆ ನಾನ್ಯಾಕೆ ಸ್ಕ್ಯಾನ್ ಮಾಡಿಸ್ಲಿ?" ಎಂದ ಕಂಟ್ರಾಕ್ಟರ್. ನಾನು ತಲೆಯ ಮೇಲಿನ ಕಾಂಕ್ರೀಟ್ ಬಾಂಡ್ಲಿಯನ್ನು ಇಳಿಸದೆ ನಿಂತಿದ್ದೆ. ಇಳಿಸಿದರೆ ಮತ್ತೆ ಎತ್ತಿಕೊಡಲು ಇನ್ನೊಬ್ಬರು ಬೇಕು.

"ಕುಡ್ದಿರ್ಲಿಲ್ಲ ಸಾರ್. ಮೇಲಿಂದ ಇಟ್ಟಿಗೆ ಬಿತ್ತು. ನೀವೂ ಇದ್ರಿ."

"ರಕ್ತ ಎಲ್ಲಿ ಬಂತು?"

ಅದೇ ನನ್ನ ಗಂಡ ಮಾಡಿದ ತಪ್ಪು. ಕಂಬಿ ಕಟ್ಟುತ್ತಾ ಕೂತವನ ನೆತ್ತಿಗೆ ಇಟ್ಟಿಗೆ ಬಿದ್ದರೂ ಒಂದು ಹನಿ ರಕ್ತ ಸುರಿಸಿ ಮರ್ಯಾದೆ ಉಳಿಸಿಕೊಳ್ಳಲಿಲ್ಲ. ವಾಂತಿ ಮಾಡಿದ. ಬೆಳಕಿಗೆ ಕಣ್ಣು ಮುಚ್ಚಿಕೊಂಡು ರೇಗಿದ. ಉಂಡದ್ದು ಮರೆತು ಮತ್ತೆ ತಟ್ಟೆ ತಂದ.

"ಮಿದುಳಿಗೆ ಪೆಟ್ಟಾಗಿದೆ. ಒಳಗೆ ರಕ್ತ ಇದ್ಯಾ ಅಂತ ಸ್ಕ್ಯಾನ್ ಮಾಡಿ ನೋಡ್ಬೇಕು. ಆಮೇಲೆ ವಿಶ್ರಾಂತಿ, ನೆನಪಿಗೆ ತರಬೇತಿ. ನಿಧಾನ ಆಗುತ್ತೆ," ಎಂದಿದ್ದರು ದೊಡ್ಡಾಸ್ಪತ್ರೆಯ ಡಾಕ್ಟರಮ್ಮ. ಕೆಲಸದಲ್ಲೇ ಪೆಟ್ಟಾಯಿತೆಂದು ಕಂಟ್ರಾಕ್ಟರ್ ಒಪ್ಪಿದರೆ ಖರ್ಚು ಅವನದಂತೆ.

ಅವನು ಕೊಟ್ಟದ್ದು ಒಂದು ಬಾಟಲಿ ಎಣ್ಣೆ. "ಬೇರು ಸೊಪ್ಪಿಂದು. ದಿನಾ ನೆತ್ತಿಗೆ ತಿಕ್ಕು. ಸೈಡ್ ಎಫೆಕ್ಟ್ ಇಲ್ಲ." ಮಾತು ನಿಜ. ಅದಕ್ಕೆ ಯಾವ ಎಫೆಕ್ಟೂ ಇರಲಿಲ್ಲ. ತಿಕ್ಕಿ ತಿಕ್ಕಿ, ಸಿಮೆಂಟಿಗೆ ಒಡೆದಿದ್ದ ನನ್ನ ಅಂಗೈ ಮಾತ್ರ ನುಣುಪಾಯಿತು.

ನಮ್ಮಲ್ಲಿ ಹೆಲ್ಮೆಟ್‌ಗಳು ಇರುವುದು ಸ್ಟೋರ್ ರೂಮಿನಲ್ಲಿ. ಸುರಕ್ಷತೆ ನೋಡುವ ಸಾಹೇಬರ ಕಾರು ಬಂದಾಗ ಹಂಚುವುದು, ಹೋದ ಮೇಲೆ ವಾಪಸ್ ಪಡೆಯುವುದು. ಬಳಸಿದರೆ ಹಾಳಾಗುತ್ತವಂತೆ. ನಂಬಿಕಸ್ಥನೆಂದು ಆ ಕೆಲಸ ಮೊದಲಿನಿಂದಲೂ ನನ್ನ ಗಂಡನದು.

ಈ ಸಲ ಸಾಹೇಬರು ಬರುವ ಮುಂಚೆ ಕಂಟ್ರಾಕ್ಟರ್ ಅವನನ್ನು ಕುರ್ಚಿಯಲ್ಲಿ ಕೂರಿಸಿ ಪಾಠ ಹೇಳಿಕೊಟ್ಟ. "ಹೇಗಿದ್ದೀಯ ಅಂದ್ರೆ, ಚೆನ್ನಾಗಿದ್ದೀನಿ ಸಾರ್ ಅನ್ನು. ಬೇರೆ ಏನಾದ್ರೂ ಬೊಗಳಿದ್ರೆ ನಿನ್ ಹೆಂಡ್ತಿಗೂ ಕೆಲ್ಸ ಇಲ್ಲ."

ಸಾಹೇಬರು ಬಂದು ಕೇಳಿದರು. ಗಂಡ ಪಾಠ ಮರೆತಿದ್ದ. ಆದರೆ ಸಾಲಾಗಿ ನಿಂತ ಹೆಲ್ಮೆಟ್‌ಗಳನ್ನು ಕಂಡವನೇ ಎದ್ದ.

"ಸಾಹೇಬ್ರು ಹೋದ್ರು, ವಾಪಸ್ ಕೊಡ್ರಪ್ಪಾ," ಎನ್ನುತ್ತಾ ಒಬ್ಬೊಬ್ಬರ ತಲೆಯಿಂದ ತೆಗೆಯತೊಡಗಿದ. ಸಾಹೇಬರದನ್ನೂ ಬಿಡಲಿಲ್ಲ.

ಕಂಟ್ರಾಕ್ಟರ್ ಓಡಿ ಬಂದು ಸಾಹೇಬರ ಮುಂದೆ ನಿಂತ. "ಇವ್ನಿಗೆ ತಲೆ ಸರಿಯಿಲ್ಲ ಸಾರ್."

"ಯಾವತ್ತಿಂದ ಸರಿಯಿಲ್ಲ ಅಂತಾನೂ ಹೇಳ್ಬಿಡಿ," ಎಂದೆ ನಾನು.

"ಮುಚ್ಚೇ ಬಾಯಿ."

ಸಾಹೇಬರು ತಮ್ಮ ಕಾರಿನ ಕಡೆ ಹೆಜ್ಜೆ ಹಾಕಿದರು. ಗಂಡ ನನ್ನ ಮುಂದೆ ಬಂದು ಕೈ ಚಾಚಿದ. "ಕೊಡೇ."

ನಾನು ನನ್ನ ಹೆಲ್ಮೆಟ್ಟಿನ ಗದ್ದದ ಪಟ್ಟಿ ಬಿಗಿ ಮಾಡಿಕೊಂಡೆ. "ಕೊಡಲ್ಲ."

"ಯಾಕೆ?"

"ನಿನ್ ತಲೆ ಮೇಲೆ ಇಟ್ಟಿಗೆ ಬಿದ್ದಾಗ ಇವೆಲ್ಲಾ ಸ್ಟೋರ್ ರೂಮಲ್ಲಿದ್ವು. ಅದಕ್ಕೆ."

ಹೌದಾ ಎಂಬಂತೆ ತಲೆಯಾಡಿಸಿ ಸಾಲಿನ ಕೊನೆಯವರೆಗೂ ಹೋದ. ಮರೆತು ಮತ್ತೆ ಬಂದು ಕೈ ಚಾಚಿದ. ಯಾಕೆ ಎಂದು ಮತ್ತೆ ಕೇಳಿದ. ನಾನು ಮತ್ತೆ ಹೇಳಿದೆ, ಸಾಹೇಬರಿಗೆ ಕೇಳುವಷ್ಟು ಗಟ್ಟಿಯಾಗಿ. ಅವರ ಕೈ ಕಾರಿನ ಬಾಗಿಲ ಮೇಲಿತ್ತು.

ಗಂಡ ಇನ್ನೊಂದು ಸುತ್ತು ಹೋಗಿ ಬಂದು ಕೇಳಿದ. ಈ ಸಲ ನಾನು ಬಾಯಿ ತೆರೆಯುವ ಮೊದಲೇ ಸಾಲಿನಲ್ಲಿದ್ದವರು ಹೇಳಿದರು.