ಮಾಲತೇಶಪ್ಪ ತಂತಿ ಹುಡುಕಲು ಹೊರಟದ್ದು

ಗುರುಶಾಂತಮ್ಮನ ಮಿಕ್ಸಿ ಗುರ್ರ್ ಎಂದು ಹೊರಟು, ಉಸ್ಸ್ ಎಂದು ನಿಂತಿತು. ಚಟ್ನಿ ಅರ್ಧವೇ ಆಗಿತ್ತು.

"ನೋಡಿದ್ಯಾ? ಆ ಬೋರ್ಡು ಬಂದಾಗಿಂದ ಹಿಂಗೇ. ನಮ್ಮ ಕರೆಂಟೆಲ್ಲಾ ಅದೇ ಕುಡಿತೈತೆ!" ಎಂದು ಗಂಡ ಮಾಲತೇಶಪ್ಪ ಗುದ್ದಲಿಯನ್ನು ಹೆಗಲಿಗೇರಿಸಿದ.

ಆ ಬೋರ್ಡು ದಾವಣಗೆರೆ–ಹರಿಹರ ರಸ್ತೆಯ ತಿರುವಿನಲ್ಲಿ ಪ್ರಯೋಗಕ್ಕೆಂದು ನಿಲ್ಲಿಸಿದ್ದ ವೇಗಮಿತಿ ಫಲಕ. ಬೆಳಿಗ್ಗೆ ಐವತ್ತು ಎನ್ನುವುದು, ಶಾಲೆ ಬಿಡುವ ಹೊತ್ತಿಗೆ ಮೂವತ್ತು ಎನ್ನುವುದು. ಇರಲೋ ಕೀಳಲೋ ಎಂದು ಸಂಜೆಯ ಸಭೆಯಲ್ಲಿ ಊರವರು ಹೇಳಬೇಕಿತ್ತು. ಕೀಳಿಸಿಯೇ ಸೈ ಎಂಬುದು ಮಾಲತೇಶಪ್ಪನ ಹಟ.

ಫಲಕ ರೂಪಿಸಿದ ತಂಡದ ಇಂಜಿನಿಯರ್, ಹರಿಹರದ ಅಂಜುಮ್, ಕಂಬದ ಬಳಿಯೇ ಇದ್ದಳು.

"ಕರೆಂಟ್ ಕಳ್ಳನ್ನ ಹಿಡಿಯಾಕ ಬಂದೀನವ್ವಾ. ನೆಲದಾಗ ತಂತಿ ಹೂತೀರಲ್ಲ," ಎಂದ ಮಾಲತೇಶಪ್ಪ.

ಅಂಜುಮ್ ನಗು ನುಂಗಿಕೊಂಡಳು. "ತಂತಿ ಹುಡುಕ್ರಿ ಕಾಕಾ. ಸಿಕ್ರೆ ನಾನೇ ಬೋರ್ಡು ಕಿತ್ಕೊಂಡು ಹೋಗ್ತೀನಿ."

ಅಗೆತ ಶುರುವಾಯಿತು. ಜನ ಮಂಡಕ್ಕಿ ಪೊಟ್ಟಣ ಹಿಡಿದು ಸುತ್ತ ನೆರೆದರು. ಗುಂಪಿನಲ್ಲಿದ್ದ ಲಾಲ್ ಸಾಬ್ ಮೂಗಿನ ದನಿಯಲ್ಲಿ ಕ್ರಿಕೆಟ್ ಕಾಮೆಂಟರಿ ಶುರುಮಾಡಿದ: "ಮಾಲತೇಶಪ್ಪೋರು ಗುದ್ದಲಿ ಬೀಸಿದ್ರು... ಬೇರು ಸಿಕ್ತು! ತಂತಿ ಇನ್ನೂ ನಾಟೌಟ್!"

ತಗ್ಗು ಮೊಣಕಾಲುದ್ದ ಆಯಿತು. ಅಷ್ಟರಲ್ಲಿ ಲಾರಿಯೊಂದು ಭರ್ರನೆ ಬಂತು. ಕಪ್ಪಗೆ ಮಲಗಿದ್ದ ಫಲಕ ಥಟ್ಟನೆ ಎದ್ದು ಮೂವತ್ತು ತೋರಿಸಿತು. ಲಾರಿ ಬ್ರೇಕ್ ಒತ್ತಿ, ಬಗ್ಗಿದ್ದ ಮಾಲತೇಶಪ್ಪನ ಪಕ್ಕದಿಂದಲೇ ನಿಧಾನವಾಗಿ ಸಾಗಿತು.

ಅವನ ಕೈಯಿಂದ ಗುದ್ದಲಿ ಜಾರಿತು. "ಸಾಲಿ ಇನ್ನೂ ಬಿಟ್ಟಿಲ್ಲ. ಮೂವತ್ತು ಯಾಕ?"

"ರಸ್ತೆ ಅಂಚಿನಾಗ ನೀವು ಅದೀರಲ್ರಿ! ಜನ ಕೂಡಿದ್ದು ನೋಡಿ ಆಗಲೇ ಮೊಬೈಲಿಂದ ಅಂಕಿ ಇಳಿಸಿದೆ," ಎಂದಳು ಅಂಜುಮ್.

"ನನ್ ಸಲುವಾಗಿ?" ಅವನ ದನಿ ಇಳಿಯಿತು. "ಮತ್ತ... ತಂತಿ?"

"ಮ್ಯಾಲೆ ನೋಡ್ರಿ ಕಾಕಾ."

ಕಂಬದ ತುದಿಯಲ್ಲಿ ಸೋಲಾರ್ ಪ್ಯಾನೆಲ್ ಹೊಳೆಯುತ್ತಿತ್ತು.

"ಬಿಸಿಲು ಉಂಡು ಬ್ಯಾಟರಿಯಾಗ ಕೂಡಿಡ್ತೈತೆ. ಗಾಡಿ ಬಂದಾಗಷ್ಟೇ ಅಂಕಿ ಹೊತ್ಕೊಳ್ತೈತೆ, ಕತ್ತಲಾದ್ರೆ ಬೆಳಕು ತಾನೇ ತಗ್ಗಿಸ್ಕೊಳ್ತೈತೆ. ನಿಮ್ಮನಿ ಕರೆಂಟ್ ಮುಟ್ಟಂಗಿಲ್ರಿ. ವೋಲ್ಟೇಜ್ ದೂರು ಲೈನ್‌ಮನ್‌ಗೆ ಹೇಳ್ರಿ."

"ಕಣ್ಣು ಮ್ಯಾಲೆತ್ತಿದ್ರೆ ಸೊಂಟ ಉಳಿತಿತ್ತಲ್ರಿ!" ಎಂದಳು ಜನರ ನಡುವೆ ಬಂದು ನಿಂತಿದ್ದ ಗುರುಶಾಂತಮ್ಮ.

ಸಂಜೆ ಸಭೆಯಲ್ಲಿ "ಬೋರ್ಡು ಇರ್ಲಿ" ಎಂದು ಮೊದಲು ಕೈಯೆತ್ತಿದವನು ಮಾಲತೇಶಪ್ಪನೇ.

ನೀವೂ ಅಷ್ಟೇ: ಫಲಕದಲ್ಲಿ ಅಂಕಿ ಇಳಿದರೆ ಮೊದಲು ವೇಗ ಇಳಿಸಿ, ಕಾರಣ ಆಮೇಲೆ ಕೇಳಿ. ಮುಂದಿನ ತಿರುವಿನಲ್ಲಿ ಯಾರದೋ ಮನೆಯವರು ಇರುತ್ತಾರೆ. ಊರಿಗೆ ಇಂಥ ಫಲಕ ಬಂದರೆ ಅದರ ಪ್ಯಾನೆಲ್ಲಿಗೆ ನೆರಳು ಬೀಳದಂತೆ ನೋಡಿಕೊಳ್ಳಿ.

ಆ ತಗ್ಗನ್ನು ಯಾರು ಮುಚ್ಚಿದರು ಎನ್ನುತ್ತೀರಾ? ಮಾಲತೇಶಪ್ಪನೇ, ಊರಿನವರೆಲ್ಲರಿಗಿಂತ ಜೋರಾಗಿ ನಗುತ್ತ.