ಒಳ್ಳೆ ಪೀಸಿಗೆ ಬಿದ್ದ ಕತ್ತರಿ

ಡಾಕ್ಟರಿಕೆ ಓದದವರು ರೋಗದ ಕಥೆ ಹೇಳಹೊರಡುವುದು ಅಧಿಕಪ್ರಸಂಗವೇ. ತಿಳಿದವರು ತಪ್ಪು ಕಂಡರೆ ಮನ್ನಿಸಬೇಕು. ಆದರೆ ಸಿರುಗುಪ್ಪದ ಆ ಪಡಸಾಲೆಯಲ್ಲಿ ಸುಧಾರಾಣಿ ತಂಗಿಯ ಪಾದದ ಮೇಲೆ ಹೆಬ್ಬೆರಳು ಒತ್ತಿ ತೆಗೆದಾಗ, ಬಿದ್ದ ಕುಳಿ ತುಂಬಿಕೊಳ್ಳದೆ ಹಾಗೇ ನಿಂತಿದ್ದನ್ನು ಹೇಳದೆ ಇರಲೂ ಆಗುವುದಿಲ್ಲ.

"ಯಾವಾಗಿಂದ ಬಾವು ಬಂದೈತಿ?"

ಕಾವೇರಿ ಗಂಡನ ಕಡೆ ನೋಡಿದಳು. ಅವಳ ಕೆನ್ನೆಗಳ ಮೇಲೆ ಮೈಯ ಕಾವಲೇ ಮೈಮೇಲೆ ತಿರುಗಿಬೀಳುವ ಲೂಪಸ್ ಜಡ್ಡಿನ ಕೆಂಪು ಮತ್ತೆ ಹರಡಿತ್ತು.

"ಗುಳಿಗಿ ತಗೊಂತಿಯಿಲ್ಲ?"

"ಅವನ್ನ ಬಿಡಿಸೀನ್ರಿ ಅಕ್ಕಾರ," ಎಂದ ಉಮಾಪತಿ. ಅಮೃತಬಳ್ಳಿ ಜಜ್ಜಿ ಕುದಿಸಿದ ಕಷಾಯವನ್ನು ಎರಡು ಲೋಟಕ್ಕೆ ಸರಿಸಮ ಬಗ್ಗಿಸುತ್ತಿದ್ದ. ಒಂದು ಹೆಂಡತಿಗೆ, ಇನ್ನೊಂದು ಎದೆಯ ಕ್ಯಾನ್ಸರಿಗೆ ಬಳ್ಳಾರಿಗೆ ಹೋಗಿ ಕೀಮೋ ಔಷಧ ಏರಿಸಿಕೊಂಡು ಬರುತ್ತಿದ್ದ ತಾಯಿ ದುರುಗಮ್ಮನಿಗೆ. "ಆ ಗುಳಿಗಿ ಮೈಯಾಗಿನ ರೋಗ ತಡಿಯೋ ಶಕ್ತಿ ಇಳಸ್ತಾವಂತ ಡಾಕ್ಟ್ರೇ ಹೇಳ್ಯಾರ. ಶಕ್ತಿ ಇಳಿದ್ರ ಮನಷಾ ಉಳಿತಾನೇನ್ರಿ? ಇದು ಶಕ್ತಿ ಏರಸ್ತೈತಿ. ಅವ್ವಗೊಂದು ಇಕಿಗೊಂದು ಅಂತ ಭೇದ ಮಾಡಿಲ್ಲ ನಾನು."

ಸುಧಾರಾಣಿಯ ಕಿವಿ ಬಿಸಿಯಾಯಿತು. ಬಳ್ಳಾರಿಯ ಜೀನ್ಸ್ ಯುನಿಟ್ಟಿನಲ್ಲಿ ಅವಳದು ಚೆಕಿಂಗ್ ಕೆಲಸ. ಹೊಲಿದು ಬಂದ ಪ್ಯಾಂಟು ತಿರುವಿ ನೋಡಿ, ಕೆಟ್ಟದ್ದನ್ನು ಕತ್ತರಿಸಿ ಗುಡ್ಡೆಗೆ ಎಸೆಯಬೇಕು. ಡಾಕ್ಟರು ತಂಗಿಯ ಜಡ್ಡಿನ ವಿಷಯ ಬಿಡಿಸಿ ಹೇಳಿದಾಗ ಅವಳಿಗೆ ಅರ್ಥವಾದದ್ದು ತನ್ನ ಟೇಬಲ್ಲಿನ ಲೆಕ್ಕದಲ್ಲೇ.

"ನಿಮ್ಮವ್ವನ ಮೈಯಾಗ ಚೆಕಿಂಗಿನಾಕಿ ಕಣ್ಣು ಮುಚ್ಚ್ಯಾಳ. ಕೆಟ್ಟ ಪೀಸು ಪಾಸಾಗಿ ಒಂದಕ್ಕ ಹತ್ತಾಗ್ಯಾವ. ನನ್ನ ತಂಗಿ ಮೈಯಾಗ ಆಕಿಗಿ ಹುಚ್ಚು ಹಿಡಿದೈತಿ, ಒಳ್ಳೆ ಪೀಸು ಕೊಯ್ದು ಕೊಯ್ದು ಒಗಿತಾಳ. ಆ ಗುಳಿಗಿ ಆಕಿ ಕೈ ಹಿಡಿದು ನಿಲ್ಲಿಸಿದ್ವು. ನೀನು ಅವನ್ನ ಬಿಡಿಸಿ, ಹುಚ್ಚಿ ಕೈಗೆ ಇನ್ನೊಂದು ಕತ್ತರಿ ಕೊಟ್ಟಿ ಏನಲೇ?"

ಮನೆಯ ಅಳಿಯನಿಗೆ 'ಲೇ' ಅಂದದ್ದು ಅವಳ ಬಾಯಿಂದ ಅದೇ ಮೊದಲು. ಉಮಾಪತಿ ಕೈಯ ಪಾತ್ರೆ ಕೆಳಗಿಟ್ಟ.

"ಒಳ್ಳೇದಾಗ್ಲಿ ಅಂತ ಮಾಡೀನ್ರಿ."

"ಅದಕ್ಕ ಹೊಟ್ಟಿ ಉರಿತೈತಿ. ಕೆಟ್ಟದ್ದು ಮಾಡಾಕ ಮಾಡಿದ್ರ ಪೊಲೀಸ್ರಿಗಾದ್ರೂ ಹೇಳ್ತಿದ್ದೆ."

ಕಂಬಕ್ಕೊರಗಿ ಕೂತಿದ್ದ ದುರುಗಮ್ಮ ಬೋಳುತಲೆಯ ಮೇಲಿನ ಸೆರಗು ಎಳೆದುಕೊಂಡಳು. "ನನ್ನ ಮಗನ್ನ ಯಾಕ ಬೈತಿ ಯವ್ವಾ. ಗುಳಿಗಿ ತಿಂದು ಸೊಸಿ ಮಾರಿ ಕುಂಬಳಕಾಯಿ ಆಗೈತಿ, ಓಣ್ಯಾಗ ನಗ್ತಾರ, ಬಿಡ್ಸು ಅಂತ ಮೊದ್ಲು ಅಂದಾಕಿ ನಾನು. ಈಗ ನನ್ನ ತಲಿ ನೋಡಿದ್ರ ಊರು ಏನಂತೈತೋ." ನಗಲು ಹೋದಳು, ಆಗಲಿಲ್ಲ.

ಸುಧಾರಾಣಿ ತಂಗಿಯ ಲೋಟವನ್ನೆತ್ತಿ ಬಚ್ಚಲಿಗೆ ಸುರಿದಳು. ಚೀಲಕ್ಕೆ ಅವಳ ಎರಡು ಸೀರೆ ತುರುಕಿದಳು.

ಬಾಡಿಗೆ ಜೀಪು ಕುರುಗೋಡು ದಾಟುವಾಗ ಕಾವೇರಿ, "ಅಕ್ಕಾ, ಅವ್ವನ್ನ ನೋಡ್ಕೊಂಡು ಹೋಗೋಣ," ಅಂದಳು. ಅವರ ತವರು ಅದೇ ಊರು.

"ಮೊದ್ಲು ಬಳ್ಳಾರಿ ದವಾಖಾನಿ."

ಉಮಾಪತಿ ಮುಂದಿನ ಸೀಟಿನಲ್ಲಿ ಒಮ್ಮೆಯೂ ತಿರುಗದೆ ಕೂತಿದ್ದ. ಬೇಡವೆಂದರೂ ಹತ್ತಿ ಬಂದಿದ್ದ ದುರುಗಮ್ಮ ಹಿಂದೆ, ಸೊಸೆಯ ಎರಡೂ ಪಾದಗಳನ್ನು ತನ್ನ ಮಡಿಲಲ್ಲಿಟ್ಟುಕೊಂಡಿದ್ದಳು. ಅತ್ತೆಯ ಮಡಿಲಲ್ಲಿ ಕಾಲಿಡಲು ಕಾವೇರಿ ಒಪ್ಪಿರಲಿಲ್ಲ, ಮುದುಕಿ ಬಿಟ್ಟಿರಲಿಲ್ಲ. ರಸ್ತೆಯ ಗುಂಡಿಗೆ ಜೀಪು ಎಗರಿದಾಗಲೆಲ್ಲ ಅವಳ ಬೆರಳು ಆ ಬಾವಿನೊಳಗೆ ಇಳಿದು ಕುಳಿ ಬೀಳಿಸುತ್ತಿತ್ತು. ಅವಳು ಗಾಬರಿಯಿಂದ ಅದನ್ನು ಅಂಗೈಯಿಂದ ಸವರಿ ಮುಚ್ಚಲು ನೋಡುತ್ತಿದ್ದಳು. ಸುಧಾರಾಣಿ ಅದನ್ನು ನೋಡಿ ಮುಖ ತಿರುಗಿಸಿದಳು. ಸಿಟ್ಟು ಇಳಿದಿರಲಿಲ್ಲ.

ಆ ಬಾವಿಗೆ ಕಾರಣವಾದ ಕಾವೇರಿಯ ಕಿಡ್ನಿ ಎಷ್ಟು ಉಳಿದಿದೆಯೋ, ಇದನ್ನು ಹೇಳುವ ಹೊತ್ತಿಗೂ ತಿಳಿದಿಲ್ಲ. ಒಂದೇ ಮನೆಯಲ್ಲಿ ಒಬ್ಬಳ ಮೈಯ ಕಾವಲು ಯಾಕೆ ಮಲಗಿತು, ಇನ್ನೊಬ್ಬಳದು ಯಾಕೆ ಕೆರಳಿತು, ಡಾಕ್ಟರನ್ನೂ ಕೇಳಿದ್ದಾಯಿತು. ಅವರಿಗೂ ಗೊತ್ತಿಲ್ಲ.