ಬೀಗರ ಮೊಸರನ್ನ

ನಮ್ಮ ಪೂಜಿತಾ ತನ್ನ ಮದುವೆಗೆ ಬರುವವರನ್ನೆಲ್ಲ ಏನು ಉಣ್ಣುತ್ತೀರಿ ಎಂದು ಮೊದಲೇ ಕೇಳಿದಳು. ಎಲ್ಲರ ಫೋನಿಗೂ ಒಂದು ಸಂದೇಶ ಹೋಯಿತು. ಹೋಳಿಗೆ ಊಟಕ್ಕೆ ಒಂದು ಒತ್ತಿ, ರೊಟ್ಟಿ ಎಣ್ಣೆಗಾಯಿಗೆ ಎರಡು, ಬರೀ ಮೊಸರನ್ನಕ್ಕೆ ಮೂರು. ನಾನು ಅವಳ ಸೋದರತ್ತೆ ಜಡೆಮ್ಮ, ಮೋಕ ಎಂಬ ಊರಲ್ಲಿರುತ್ತೇನೆ. ಸುದ್ದಿ ಕೇಳಿ ನನಗೆ ಮೈಯೆಲ್ಲ ಉರಿಯಿತು. ಒಂದು ಒತ್ತಿ, ಎರಡು ಒತ್ತಿ ಎನ್ನುವುದು ಬ್ಯಾಂಕಿನವರ ಮಾತು, ಮದುವೆ ಮನೆಯವರ ಮಾತಲ್ಲ.

ಅವತ್ತೇ ಬಸ್ಸು ಹತ್ತಿ ರೂಪನಗುಡಿಗೆ, ಅವಳ ಮನೆಗೆ ಹೋಗಿ ಜಗಳ ತೆಗೆದೆ. "ಬಂದೋರನ್ನ ಕುಂದರಿಸಿ ಬಡಿಸಬೇಕು. ಹಿಂಗ ಕೇಳಿದ್ರ ಯಾರು ಖರೇ ಹೇಳ್ತಾರ?"

"ಅದಕ್ಕ ಕೇಳಾಕತ್ತೀನಿ ಅತ್ತಿ," ಎಂದಳು, ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಾ.

ಅವಳ ಹೊಟ್ಟೆಯೊಳಗಿನ ಹೆದರಿಕೆ ನನಗೆ ಗೊತ್ತಿತ್ತು. ನಿಶ್ಚಿತಾರ್ಥ ಆದ ಮೇಲೆ ಅವಳನ್ನು ಕರೆದುಕೊಂಡು ಸಿರುಗುಪ್ಪಕ್ಕೆ ಬೀಗರ ಮನೆಗೆ ಹೋಗಿದ್ದೆ. ಅವಳ ಅತ್ತೆಯಾಗುವ ದೊಡ್ಡಬಸಮ್ಮ "ಊಟ ಮಾಡವ್ವ" ಎಂದರು. ಹುಡುಗಿ ಮರ್ಯಾದೆಗೆ "ಆಗೈತ್ರಿ" ಎಂದಳು. ಅವರು ಇನ್ನೊಮ್ಮೆ ಕೇಳಿದರು, ಇವಳು ಇನ್ನೊಮ್ಮೆ ಬೇಡ ಎಂದಳು, ಮಾತು ಅಲ್ಲಿಗೇ ಮುಗಿಯಿತು. ಆ ಮನೆಯಲ್ಲಿ ಎಲ್ಲರೂ ಹಾಗೆಯೇ, ಬೇಕು ಎನ್ನುವ ಮಾತೇ ಯಾರ ಬಾಯಲ್ಲೂ ಬರುವುದಿಲ್ಲ. ವಾಪಸು ಬರುವಾಗ ಬಳ್ಳಾರಿ ಬಸ್ ಸ್ಟ್ಯಾಂಡಿನಲ್ಲಿ ಅವಳು ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿನ್ನುತ್ತಾ ಅತ್ತಳು. "ಅತ್ತಿ, ಹುಡುಗ ಚಲೋ ಅದಾನ. ಆದ್ರ ಆ ಮನ್ಯಾಗ ನಾನು ಹಸಗೊಂಡೇ ಮುದುಕಿ ಆಗ್ತೀನಿ." ನಾನು ನಗಲಿಲ್ಲ. ಹೊಸ ಸೊಸೆಯ ಹಸಿವು ಏನೆಂದು ಉಂಡವರಿಗೇನು ಗೊತ್ತು.

ಉತ್ತರಗಳು ಬಂದವು. ಬೀಗರ ಕಡೆಯವರೆಲ್ಲ ಮೂರು ಒತ್ತಿದ್ದರು. ದೊಡ್ಡಬಸಮ್ಮ ಫೋನು ಮಾಡಿ, "ನಮಗ್ಯಾಕವ್ವ ಅದೆಲ್ಲ, ಒಂದೀಟು ಮೊಸರನ್ನ ಸಾಕು" ಎಂದು ಬೇರೆ ಹೇಳಿದರು. ಒಬ್ಬ ಹಂಪಯ್ಯ ಮಾತ್ರ, ದೊಡ್ಡಬಸಮ್ಮನ ತಮ್ಮ, ಒಂದು ಒತ್ತಿ, ತುಪ್ಪ ಜಾಸ್ತಿ ಇರಲಿ ಎಂದೂ ಬರೆದಿದ್ದ. ಅವನಿಗೆ ನಾಚಿಕೆಯಿಲ್ಲ ಎಂದು ಅವರ ಕಡೆಯವರೇ ಆಡಿಕೊಂಡರಂತೆ.

ಕುರುಗೋಡಿನ ಕಲ್ಯಾಣ ಮಂಟಪದಲ್ಲಿ ಅಕ್ಕಿಕಾಳು ಬಿದ್ದು, ಬೀಗರ ಪಂಕ್ತಿ ಕೂತಿತು. ಎಲೆ ಬಂತು, ಉಪ್ಪಿನಕಾಯಿ ಬಂತು, ಮೊಸರನ್ನ ಬಂತು. ಅಷ್ಟೇ. ಎಲ್ಲರೂ ಅಡುಗೆಮನೆ ಬಾಗಿಲನ್ನೇ ನೋಡಿದರು. ಒಳಗಿನಿಂದ ಹೋಳಿಗೆಯ ತಟ್ಟೆ ಬಂದು ಹಂಪಯ್ಯನ ಎದುರಿಗೆ ಮಾತ್ರ ನಿಂತಿತು.

ನನ್ನ ತಮ್ಮ ಎರ್ರಣ್ಣ ಬೆವೆತುಹೋಗಿದ್ದ. "ಅಕ್ಕಾ, ನನ್ನ ಮಾನ ಕಳದ್ಲು ನನ್ನ ಮಗಳು," ಎಂದ. ಅಡುಗೆಯವರನ್ನು ತರಾಟೆಗೆ ತೆಗೆದುಕೊಳ್ಳಲು ನಾನು ಒಳಗೆ ನುಗ್ಗಿದೆ. ನೋಡಿದರೆ ದೊಡ್ಡ ಕೊಪ್ಪರಿಗೆಯ ತುಂಬ ಹೂರಣ, ಒದ್ದೆ ಬಟ್ಟೆಯಡಿ ಕಣಕ, ಕಾದು ನಿಂತ ಹಂಚು.

"ಬಾಯಿಬಿಟ್ಟು ಕೇಳಿದೋರಿಗೆ ಮಾತ್ರ ತಟ್ಟಬೇಕು ಅಂತ ಮದುಮಗಳು ಹೇಳ್ಯಾಳ್ರಿ," ಎಂದ ಅಡುಗೆಯವನು.

ಹುಡುಗಿಯ ಆಟ ಈಗ ತಿಳಿಯಿತು, ಜಗಳ ಬಿಟ್ಟೆ. ಎರ್ರಣ್ಣನಿಗೂ ಹೇಳದೆ ಹೊರಗೆ ಬಂದು ಕಂಬಕ್ಕೆ ಒರಗಿ ನಿಂತೆ. ಇಂಥ ತಮಾಷೆ ನೋಡುವ ಪುಣ್ಯ ದಿನಾ ಬರುತ್ತದೆಯೇ?

ಹಂಪಯ್ಯ ಹೋಳಿಗೆಯನ್ನು ಮಡಚಿ ತುಪ್ಪದಲ್ಲಿ ಅದ್ದುತ್ತಿದ್ದ. ಇಡೀ ಸಾಲು ಮೊಸರನ್ನ ಕಲಸುತ್ತಾ ಅವನ ಕೈಯನ್ನೇ ನೋಡುತ್ತಿತ್ತು. ಬೈಯೋಣವೆಂದರೆ ಯಾರೂ ಬೈಯುವ ಹಾಗಿಲ್ಲ, ಕೇಳಿದ್ದನ್ನೇ ಬಡಿಸಿದ್ದಾರೆ. ಪೂಜಿತಾ ಬಾಸಿಂಗ ಸರಿಮಾಡಿಕೊಂಡು ಅತ್ತೆಯ ಎದುರು ಬಂದು ನಿಂತಳು.

"ಏನರ ಬೇಕೇನ್ರಿ ಅತ್ತಿ?"

ದೊಡ್ಡಬಸಮ್ಮ ಎಲೆ ನೋಡಿದರು, ಸೊಸೆಯನ್ನು ನೋಡಿದರು, ತಮ್ಮನ ತುಪ್ಪದ ಬೆರಳುಗಳನ್ನು ನೋಡಿದರು. "ನನಗೂ ಹೋಳಿಗಿ ಬೇಕು," ಎಂದರು. ದನಿ ಎಷ್ಟು ಸಣ್ಣದಿತ್ತೆಂದರೆ ಅವರಿಗೇ ಕೇಳಿಸಿತೋ ಇಲ್ಲವೋ. ಆದರೆ ಸಾಲಿಗೆಲ್ಲ ಕೇಳಿಸಿತು. "ಇಲ್ಲೂ ಬರ್ಲಿ", "ಇತ್ಲಾಗೂ ಹಾಕ್ರಿ" ಎಂದು ಕೈಗಳು ಎದ್ದವು. ಬಿಸಿ ಹೋಳಿಗೆ ಹಂಚಿನಿಂದ ನೇರ ಎಲೆಗೆ ಬಂತು. ಎರ್ರಣ್ಣ ಕುರ್ಚಿ ಹುಡುಕಿಕೊಂಡು ಕೂತ.

ಎರಡನೆಯ ಹೋಳಿಗೆ ಮುಗಿಸಿ ದೊಡ್ಡಬಸಮ್ಮ ತಲೆಯೆತ್ತಿದರು. "ನೀ ಉಂಡಿಯೇನವ್ವ?"

ಮದುಮಗಳು ಇಂಥ ಪ್ರಶ್ನೆಗೆ ಏನು ಹೇಳಬೇಕೆಂದು ಎಲ್ಲರಿಗೂ ಗೊತ್ತು. ಪೂಜಿತಾ ಅದನ್ನು ಹೇಳಲಿಲ್ಲ.

"ಇಲ್ರಿ. ಮುಂಜಾನಿಂದ ಹೊಟ್ಟಿ ಚುರ್ ಅನ್ನಾಕತ್ತೈತಿ."

ದೊಡ್ಡಬಸಮ್ಮ ಪಕ್ಕದ ಕುರ್ಚಿಯ ಮೇಲಿದ್ದ ತಮ್ಮ ಚೀಲವನ್ನು ಕೆಳಗಿಟ್ಟರು. "ಕುಂದ್ರು ಮತ್ತ," ಎಂದು ಅವಳ ಕೈ ಹಿಡಿದು ಎಳೆದರು. ನನಗೆ ಕಣ್ಣು ತುಂಬಿ ಬಂತು.

ಹಿಂದೆ ನಿಂತಿದ್ದ ಮದುಮಗ ರಾಮಾಂಜಿನಿಯನ್ನೂ ಅವರು ಕೇಳಿದರು. "ನೀನೂ ಉಣ್ತಿಯೇನಪಾ?"

"ನನಗೇನೂ ಬ್ಯಾಡವ್ವ," ಎಂದ ಅವನು, ರೂಢಿಯಂತೆ.

ಪೂಜಿತಾ ತಲೆಯೆತ್ತಲೂ ಇಲ್ಲ. "ಹಂಗಾರ ಅವರ ಪಾಲಿಂದೂ ನನಗ ಹಾಕ್ರಿ," ಎಂದು ಎಲೆಯನ್ನು ಮುಂದೆ ಸರಿಸಿದಳು.